ಹವಳದಿಬ್ಬದ ಗೃಹ ಮತ್ಸ್ಯಾಲಯ

ಉಷ್ಣವಲಯದ ಸಮುದ್ರಗಳಲ್ಲಿ ವಾಸಿಸುವ ಹವಳ, ಸಮುದ್ರಕುಸುಮ, ಸಿಗಡಿ, ಶಂಖಜೀವಿ, ಮೀನು ಮೊದಲಾದವುಗಳನ್ನು, ಅವುಗಳ ಪರಸ್ಪರಾವಲಂಬನೆಗೆ ಭಂಗ ಬಾರದಂತೆ, ಮನೆಯೊಳಗಿನ ಗಾಜಿನ ತೊಟ್ಟಿಯಲ್ಲಿ ಕೃತಕ ಸಮುದ್ರಜಲವನ್ನು ತುಂಬಿ ಪಾಲಿಸುವ ವ್ಯವಸ್ಥೆ. ಹವ್ಯಾಸಿಗಳೂ ವ್ಯಾಪಾರಿಗಳೂ ಇದನ್ನು ರೀಫ್ ಟ್ಯಾಂಕ್ ಎಂದು ಕರೆಯುವುದು ರೂಢಿ. ಮೀನುಗಳನ್ನಷ್ಟೇ ಸಾಕುವ ತೊಟ್ಟಿಗೂ ಇದಕ್ಕೂ ಮುಖ್ಯವಾದ ಅಂತರವೊಂದುಂಟು: ಮೀನು ಸಹಿಸಿಕೊಳ್ಳಬಲ್ಲ ಏರುಪೇರನ್ನು ಹವಳವು ಸಹಿಸಲಾರದು. ಆದುದರಿಂದ ಈ ವಿದ್ಯೆಯಲ್ಲಿ ಸಿದ್ಧಿಯನ್ನು ತಂದುಕೊಡುವ ಗುಣಗಳಲ್ಲಿ ಅಗ್ರಸ್ಥಾನವು ಸ್ಥೈರ್ಯಕ್ಕೆ, ಎಂದರೆ ನೀರಿನ ಉಷ್ಣತೆ, ಲವಣತೆ ಮತ್ತು ಕ್ಷಾರತೆಗಳನ್ನು ದಿನದಿಂದ ದಿನಕ್ಕೆ ವ್ಯತ್ಯಾಸವಿಲ್ಲದೆ ಕಾಪಾಡಿಕೊಂಡು ಬರುವುದಕ್ಕೆ ಸಲ್ಲುತ್ತದೆ. ಬೆಲೆಬಾಳುವ ಉಪಕರಣಗಳೆಲ್ಲ ಈ ಸ್ಥೈರ್ಯವನ್ನು ಸಾಧಿಸುವಷ್ಟರ ಮಟ್ಟಿಗೆ ಮಾತ್ರ ಸಾರ್ಥಕವಾದುವು.

ಇತಿಹಾಸ: 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ಆರಂಭವಾಗಿ, ಫಿಲಿಪ್ ಹೆನ್ರಿ ಗಾಸನ ಗ್ರಂಥಗಳಿಂದ ಸಮುದ್ರಜೀವಿಗಳನ್ನು ಮನೆಯಲ್ಲಿ ಸಾಕುವ ಅಭಿರುಚಿ ಹರಡಿತಾದರೂ, ಹವಳಗಳನ್ನು ದೀರ್ಘಕಾಲ ಬದುಕಿಸುವುದು ಅದಾದ ಒಂದು ಶತಮಾನದ ಪರ್ಯಂತ ಕಷ್ಟಸಾಧ್ಯವಾಗಿಯೇ ಉಳಿಯಿತು. ಇಂಡೊನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬಾತನು ಜೀವಾಣುಗಳಿಂದ ಕೂಡಿದ ಸಮುದ್ರದ ಶಿಲೆಗಳನ್ನೂ ಗಾಳಿಗುಳ್ಳೆಗಳನ್ನೂ ಮಾತ್ರ ಅವಲಂಬಿಸಿ ನೀರನ್ನು ಶುದ್ಧವಾಗಿಡಬಹುದೆಂಬುದನ್ನು 1961ರಲ್ಲಿ ಪ್ರಕಟಪಡಿಸಿದನು. ತರುವಾಯ ಪೀಟರ್ ವಿಲ್ಕೆನ್ಸ್ ಮತ್ತು ಬರ್ಲಿನ್ನಿನ ಡೀಟ್ರಿಕ್ ಸ್ಟ್ಯೂಬರ್ ಮೊದಲಾದವರು ಜೀವಶಿಲೆ, ಪ್ರಖರವಾದ ಬೆಳಕು, ನೊರೆಯ ಮೂಲಕ ಸೇಂದ್ರಿಯ ಕಲ್ಮಷವನ್ನು ಹೊರತೆಗೆಯುವ ಸ್ಕಿಮ್ಮರ್ ಇವುಗಳನ್ನು ಒಂದುಗೂಡಿಸಿದರು. ಬರ್ಲಿನ್ ಪದ್ಧತಿಯೆಂದು ಹೆಸರಾದ ಈ ಕ್ರಮವೇ ಇಂದಿನ ಬಹುಪಾಲು ತೊಟ್ಟಿಗಳ ತಳಹದಿ. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ 1983ರಲ್ಲಿ ಸ್ಥಾಪಿತವಾದ ಸರ್ಕಾರಿ ಮತ್ಸ್ಯಾಲಯವು ನಗರದ ಹಲವು ತಲೆಮಾರಿನ ಮಕ್ಕಳಿಗೆ ಗಾಜಿನಾಚೆಯ ಜಲಲೋಕವನ್ನು ಪರಿಚಯಿಸಿತು.

ಹವಳದ ಜೀವನಕ್ರಮ: ಹವಳವು ನಿಡೇರಿಯ ವಂಶಕ್ಕೆ ಸೇರಿದ ಪ್ರಾಣಿ. ಪಾಲಿಪ್ ಎನ್ನಿಸಿಕೊಳ್ಳುವ ಇದರ ಮೃದುಶರೀರದ ಜೀವಕೋಶಗಳೊಳಗೆ ಜೂಜಾಂತೆಲ್ಲೆ ಎಂಬ ಸೂಕ್ಷ್ಮಶೈವಲಗಳು ನೆಲೆಸಿ, ಬೆಳಕಿನ ಸಹಾಯದಿಂದ ತಾವು ತಯಾರಿಸಿದ ಆಹಾರದ ಅಧಿಕಾಂಶವನ್ನು ಆಶ್ರಯದಾತನಿಗೆ ಒಪ್ಪಿಸುತ್ತವೆ. ಪ್ರತಿಯಾಗಿ ಅದರ ವಿಸರ್ಜನೆಗಳನ್ನು ಗೊಬ್ಬರವಾಗಿ ಸ್ವೀಕರಿಸುತ್ತವೆ. ಬೇಸಗೆಯ ಗರಿಷ್ಠ ಉಷ್ಣತೆಗಿಂತ ಒಂದೆರಡು ಡಿಗ್ರಿಯಷ್ಟು ಹೆಚ್ಚಳವು ಕೆಲವು ವಾರ ಮುಂದುವರಿದರೆ ಈ ಸಹಜೀವನ ಮುರಿದು, ಶೈವಲಗಳು ಹೊರಬಿದ್ದು, ಹವಳ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಈ ಕಾರಣದಿಂದ ಭಾರಿಯಾಗಿ ನಾಶವಾದುವು. ಅಪಾರ ಸಾಗರದಲ್ಲಿಯೇ ಇಷ್ಟು ಅಲ್ಪವಾದ ಬದಲಾವಣೆ ಇಂತಹ ಅನರ್ಥಕ್ಕೆ ಕಾರಣವಾಗುವಾಗ, ಕೆಲವೇ ನೂರು ಲೀಟರು ನೀರಿನ ಪಾಲಕನು ಎಷ್ಟು ಜಾಗರೂಕನಾಗಿರಬೇಕೆಂಬುದು ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಪರಿಸ್ಥಿತಿ: ರೈಲು ನಿಲ್ದಾಣಕ್ಕೆ ಹೊಂದಿಕೊಂಡಿರುವ ಓಕಳಿಪುರಂ, ಅದರ ನೆರೆಯ ಮಲ್ಲೇಶ್ವರಂ, ದಕ್ಷಿಣದ ಚಾಮರಾಜಪೇಟೆ, ಬಸವನಗುಡಿ ಮೊದಲಾದ ಹಳೆಯ ಬಡಾವಣೆಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ, ಪೂರ್ವ ಪಶ್ಚಿಮ ಕರಾವಳಿಗಳೆರಡರಿಂದಲೂ ಸುಮಾರು 300 ಕಿ.ಮೀ. ದೂರದಲ್ಲಿವೆ. ಈ ಎತ್ತರದಲ್ಲಿ ವಾಯುಭಾರವು ಕಡಲತೀರದ ವಾಯುಭಾರದ ಸುಮಾರು ಶೇ. 90ರಷ್ಟಿರುವುದರಿಂದ ನೀರಿನಲ್ಲಿ ಕರಗಬಲ್ಲ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ ಸುಖವಾಗಿರಬಹುದಾದಷ್ಟು ಮೀನುಗಳನ್ನು ಇಲ್ಲಿಯ ತೊಟ್ಟಿಯಲ್ಲಿ ಕಿಕ್ಕಿರಿಸುವುದು ಯುಕ್ತವಲ್ಲ. ಸ್ಥಳದ ಆಯ್ಕೆಯಲ್ಲಿ ಭಾರವನ್ನೂ ಗಮನಿಸತಕ್ಕದ್ದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯು ಸುಮಾರು 450 ಲೀಟರು ನೀರನ್ನು ಹಿಡಿಯುವುದರಿಂದ, ಗಾಜು, ಶಿಲೆ, ಪೀಠಗಳೊಡನೆ ಅದರ ತೂಕ 600 ಕಿಲೋಗ್ರಾಮನ್ನು ಮೀರುತ್ತದೆ. ಮರದ ತೊಲೆಗಳ ಮೇಲೆ ನಿಂತ ಮದರಾಸು ತಾರಸಿಯ ಹಳೆಯ ಮನೆಗಳಲ್ಲಿ ಇಂತಹ ತೊಟ್ಟಿಗೆ ನೆಲದ ಅಂತಸ್ತೇ ಯೋಗ್ಯ.

ನೀರು: ಬೆಂಗಳೂರಿಗೆ 1974ರಿಂದ ಸುಮಾರು 100 ಕಿ.ಮೀ. ದೂರದಿಂದ ಬರುತ್ತಿರುವ ಕಾವೇರಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಗಡಸುತನವಲ್ಲದೆ ಅನೇಕ ಕಡೆ ನೈಟ್ರೇಟೂ ಉಂಟು. ಇವೆರಡನ್ನೂ ನೇರವಾಗಿ ಬಳಸದೆ, ಆರ್‌ಓ ಪೊರೆಯ ಮೂಲಕವೂ ಬಳಿಕ ಅಯಾನುಗಳನ್ನು ಹೀರುವ ರಾಳದ ಮೂಲಕವೂ ಹಾಯಿಸಿ, ಟಿಡಿಎಸ್ ಮೀಟರು ಸೊನ್ನೆಯನ್ನು ತೋರಿಸಿದ ಮೇಲೆ ಅದಕ್ಕೆ ಸಮುದ್ರಲವಣದ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಬೆರೆಸಬೇಕು. ಅಂಗಡಿಯ ಕಲ್ಲುಪ್ಪು ಬಹುತೇಕ ಸೋಡಿಯಂ ಕ್ಲೋರೈಡೇ ಆಗಿದ್ದು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬನೇಟುಗಳು ಅದರಲ್ಲಿ ತಕ್ಕ ಪ್ರಮಾಣದಲ್ಲಿಲ್ಲದ ಕಾರಣ ಈ ಕಾರ್ಯಕ್ಕೆ ಸರ್ವಥಾ ಸಲ್ಲದು. ಕರಾವಳಿಯಿಂದ ನೀರನ್ನು ತರಿಸಿಕೊಳ್ಳುವವರೂ ಮಳೆಗಾಲದಲ್ಲಿ ನೇತ್ರಾವತಿಯಂತಹ ನದಿಗಳು ತೀರದ ಲವಣತೆಯನ್ನು ತಗ್ಗಿಸುವುದನ್ನು ಮರೆಯಬಾರದು. ಮನೆಯ ತಾಮ್ರದ ಹಂಡೆ, ಕೊಡಗಳಲ್ಲಿ ಈ ನೀರನ್ನು ಎಂದಿಗೂ ಶೇಖರಿಸಕೂಡದು. ಅತ್ಯಲ್ಪ ತಾಮ್ರವೂ ಅಕಶೇರುಕಗಳಿಗೆ ವಿಷ. ಜಿರಳೆ, ಸೊಳ್ಳೆಗಳಿಗೆಂದು ಸಿಂಪಡಿಸುವ ಪೈರೆಥ್ರಾಯಿಡ್ ಔಷಧಗಳು ಸಿಗಡಿಗಳಿಗೂ ಮೀನುಗಳಿಗೂ ಅಷ್ಟೇ ಮಾರಕ.

ಸಾಪೇಕ್ಷ ಸಾಂದ್ರತೆ 1.025ರಿಂದ 1.026, ಪಿಎಚ್ 8ರಿಂದ 8.4, ಕ್ಷಾರತೆ 8ರಿಂದ 10 ಕೆಎಚ್ (ಕಾರ್ಬನೇಟ್ ಗಡಸುತನದ ಡಿಗ್ರಿ), ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಮೆಗ್ನೀಸಿಯಂ 1,250ರಿಂದ 1,350 ಮಿಲಿಗ್ರಾಂ ಎಂಬುವು ಸಾಮಾನ್ಯವಾಗಿ ಅಂಗೀಕೃತವಾದ ಮಿತಿಗಳು. ಈ ಮಿತಿಗಳೊಳಗೆ ಒಂದು ನಿರ್ದಿಷ್ಟ ಅಂಕದಲ್ಲಿ ನಿಲ್ಲುವುದು, ಆದರ್ಶವಾದ ಅಂಕವನ್ನು ಅರಸುತ್ತ ವಾರಕ್ಕೊಮ್ಮೆ ನೀರಿನ ಗುಣವನ್ನು ಬದಲಿಸುವುದಕ್ಕಿಂತ ಶ್ರೇಯಸ್ಕರ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ; ಆದುದರಿಂದ ಪ್ರತಿದಿನವೂ ಇಳಿದ ಮಟ್ಟವನ್ನು ಉಪ್ಪಿಲ್ಲದ ಶುದ್ಧಜಲದಿಂದಲೇ ಭರ್ತಿಮಾಡಬೇಕು.

ಸಾರಜನಕ ಚಕ್ರ: ಜೀವಿಗಳ ಮಲ ಹಾಗೂ ಉಳಿದ ಆಹಾರಗಳಿಂದ ಹುಟ್ಟುವ ಅಮೋನಿಯವು ತೀವ್ರ ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ನೈಟ್ರೈಟನ್ನು ಅಷ್ಟೊಂದು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ರಂಧ್ರಮಯವಾದ ಶಿಲೆಯ ಮೇಲ್ಮೈಯಲ್ಲಿ ಇವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ತೊಟ್ಟಿಯು ಬರಿದಾಗಿ ಕಾಣುತ್ತಿದ್ದರೂ ಅದರೊಳಗೆ ನಡೆಯುತ್ತಿರುವುದು ಸಕಲಕ್ಕೂ ಆಧಾರವಾದ ಕಾರ್ಯ. ಹೊಸಬರ ತೊಟ್ಟಿಗಳು ವಿಫಲವಾಗುವುದು ಬಹುಮಟ್ಟಿಗೆ ಈ ಕಾಯುವಿಕೆಯನ್ನು ಲೋಪಮಾಡುವುದರಿಂದಲೇ.

ಸುಣ್ಣ ಮತ್ತು ಕ್ಷಾರತೆ: ಗಡಸು ಹವಳಗಳು ನೀರಿನಿಂದ ಕ್ಯಾಲ್ಸಿಯಂ ಹಾಗೂ ಬೈಕಾರ್ಬನೇಟುಗಳನ್ನು ಹೀರಿ ತಮ್ಮ ಅಸ್ಥಿಪಂಜರವನ್ನು ಕಟ್ಟಿಕೊಳ್ಳುತ್ತವೆ. ಲೀಟರಿಗೆ ಸುಮಾರು 20 ಮಿಲಿಗ್ರಾಂ ಕ್ಯಾಲ್ಸಿಯಂ ವ್ಯಯವಾಗುವಾಗ ಕ್ಷಾರತೆಯು 2.8 ಕೆಎಚ್‌ನಷ್ಟು ಕುಸಿಯುವುದರಿಂದ, ಮೊದಲು ಏರುಪೇರಾಗುವುದೂ, ಮೊದಲು ಅಳೆಯಬೇಕಾದುದೂ ಕ್ಷಾರತೆಯೇ. ಶುದ್ಧವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಿಂದ ಮಾಡಿದ ಸುಣ್ಣದ ತಿಳಿನೀರನ್ನು ರಾತ್ರಿಯ ವೇಳೆ ತೊಟ್ಟುತೊಟ್ಟಾಗಿ ಹನಿಸಿದರೆ ಇವೆರಡೂ ಸಮತೂಕದಲ್ಲಿ ಒದಗುವುವಲ್ಲದೆ, ಇರುಳಿನಲ್ಲಿ ಇಳಿಯುವ ಪಿಎಚ್ ಕೂಡ ಸಾವರಿಸಿಕೊಳ್ಳುತ್ತದೆ. ಒಮ್ಮೆಗೇ ಸುರಿದರೆ ಪಿಎಚ್ ಏರಿ ಜೀವಹಾನಿಯಾಗುವುದು.

ಉಷ್ಣತೆ, ಬೆಳಕು, ಪ್ರವಾಹ: ನೀರಿನ ಉಷ್ಣತೆಯು 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರತಕ್ಕದ್ದು. ಡಿಸೆಂಬರ್, ಜನವರಿಗಳ ರಾತ್ರಿ ಬೆಂಗಳೂರಿನ ಗಾಳಿ 15 ಡಿಗ್ರಿಯ ಸಮೀಪಕ್ಕೆ ಇಳಿಯುವಾಗ ಹೀಟರು ಅವಶ್ಯಕ. ಮಾರ್ಚ್, ಏಪ್ರಿಲ್‌ಗಳ ಹಗಲು 34 ಡಿಗ್ರಿಯ ಆಸುಪಾಸಿಗೆ ಏರುವಾಗ ತಣಿಸುವಿಕೆ ಅವಶ್ಯಕ. ಪ್ರಸ್ಥಭೂಮಿಯ ಬೇಸಗೆಯು ಶುಷ್ಕವಾದುದರಿಂದ ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನೇ ಅನೇಕ ವೇಳೆ ಚಿಲ್ಲರಿನ ಕೆಲಸವನ್ನು ಮಾಡಿಬಿಡುತ್ತದೆ: ಒಂದು ಲೀಟರು ನೀರು ಆವಿಯಾಗುವಾಗ ಒಯ್ಯುವ ಉಷ್ಣವು 400 ಲೀಟರು ಸಮುದ್ರಜಲವನ್ನು ಸುಮಾರು ಒಂದೂವರೆ ಡಿಗ್ರಿಯಷ್ಟು ತಣಿಸಲು ಸಾಕು. ಮಳೆಗಾಲದ ತೇವದಲ್ಲಿ ಈ ಉಪಾಯದ ಬಲ ಕುಂದುತ್ತದೆ. ನೀಲಿಪ್ರಧಾನವಾದ ಎಲ್‌ಇಡಿ ಬೆಳಕು ದಿನಕ್ಕೆ ಎಂಟರಿಂದ ಹತ್ತು ಗಂಟೆ ದೊರೆತರೆ ಸಹವಾಸಿ ಶೈವಲಗಳಿಗೆ ಸಾಕು. ಕಿಟಕಿಯ ನೇರ ಬಿಸಿಲು ನೀರನ್ನು ಕಾಯಿಸಿ ಬೇಡದ ಪಾಚಿಯನ್ನು ಬೆಳೆಸುತ್ತದೆ. ಬೇರುಬಿಟ್ಟಂತೆ ಒಂದೆಡೆ ನಿಂತಿರುವ ಹವಳಕ್ಕೆ ಆಹಾರವನ್ನೂ ಆಮ್ಲಜನಕವನ್ನೂ ತಂದೀಯುವುದು ನೀರಿನ ಚಲನೆಯಾದುದರಿಂದ, ವಿದ್ಯುತ್ತು ನಿಂತ ಕೆಲವೇ ಗಂಟೆಗಳಲ್ಲಿ ತೊಟ್ಟಿಯು ಸಂಕಟಕ್ಕೆ ಸಿಲುಕಬಹುದು. ಪಂಪೊಂದನ್ನಾದರೂ ಯುಪಿಎಸ್‌ಗೆ ಜೋಡಿಸುವುದು ಹೊಸ ಹವಳವೊಂದನ್ನು ಕೊಳ್ಳುವುದಕ್ಕಿಂತ ಮುಂಚಿತವಾಗಿ ಆಗತಕ್ಕ ವೆಚ್ಚ.

ಜೀವಿಗಳ ಆಯ್ಕೆ ಮತ್ತು ಕಾಯಿದೆ: ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ 2001ರಲ್ಲಿ ಗಡಸು ಹವಳಗಳು, ಕಪ್ಪು ಹವಳ, ಅಗ್ನಿಹವಳ, ಕೊಳವೆಹವಳ, ಕಡಲಬೀಸಣಿಗೆ ಮತ್ತು ಕಡಲಕುದುರೆಗಳು ಸೇರ್ಪಡೆಯಾದುವು; ನಮ್ಮ ಸಮುದ್ರದಿಂದ ಇವನ್ನು ಕಿತ್ತುತರುವುದು, ಮಾರುವುದು ದಂಡನಾರ್ಹ ಅಪರಾಧ. 2022ರ ತಿದ್ದುಪಡಿಯು ಸೈಟ್ಸ್ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಹೆಸರಿಸಿದ ವಿದೇಶೀ ಪ್ರಭೇದಗಳನ್ನೂ ಕಾಯಿದೆಯ ವ್ಯಾಪ್ತಿಗೆ ತಂದಿತು. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಕರ್ನಾಟಕಕ್ಕೂ ಹವಳದ ಸಂಪತ್ತು ಉಂಟು; ಅದು ನೋಡಿ ಬರತಕ್ಕದ್ದೇ ಹೊರತು ತರತಕ್ಕದ್ದಲ್ಲ. ಜೀವಶಿಲೆಯ ಬದಲು ಕೃತಕ ಶಿಲೆಯನ್ನು ಬಳಸಿ ಅದರಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸುವುದು ಸಾಧ್ಯ. ಆರಂಭಿಕರಿಗೆ ಜೊವಾಂತಿಡ್, ಅಣಬೆಹವಳ ಮೊದಲಾದ ಸಹಿಷ್ಣು ಪ್ರಭೇದಗಳ, ತೊಟ್ಟಿಯಲ್ಲಿಯೇ ಬೆಳೆಸಿ ಕತ್ತರಿಸಿದ ತುಂಡುಗಳು ಹಿತವಾದುವು. ಕ್ಲೌನ್ ಮೀನಿನ ಮರಿಗಳನ್ನು ಮರಿಕೇಂದ್ರದಲ್ಲಿ ಬೆಳೆಸುವ ವಿಧಾನವನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿರುವುದರಿಂದ, ಕಡಲಿನಿಂದ ಹಿಡಿದ ಮೀನನ್ನೇ ಬಯಸಲು ಕಾರಣವಿಲ್ಲ. ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿರಿಸಿ ನೋಡಿದ ಬಳಿಕವೇ ಉಳಿದವುಗಳೊಡನೆ ಬಿಡಬೇಕು. ಕ್ರಿಪ್ಟೊಕಾರಿಯಾನ್ ಪರಾವಲಂಬಿಯಿಂದ ಬರುವ ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧವನ್ನು ಹವಳವಿರುವ ತೊಟ್ಟಿಯಲ್ಲಿ ಉಪಯೋಗಿಸಲು ಬಾರದು.

ಸ್ಥಳ, ನೀರು, ಬ್ಯಾಕ್ಟೀರಿಯ, ಕ್ಷಾರತೆ, ಉಷ್ಣತೆ, ಬೆಳಕು, ಕಟ್ಟಕಡೆಗೆ ಜೀವಿಗಳು ಎಂಬ ಅನುಕ್ರಮವನ್ನು ಪಾಲಿಸಿ, ನಿತ್ಯವೂ ಕೆಲವು ನಿಮಿಷಗಳ ವೀಕ್ಷಣೆಯನ್ನೂ ವಾರಕ್ಕೊಮ್ಮೆ ನೀರಿನ ಪರೀಕ್ಷೆಯನ್ನೂ ತಪ್ಪದೆ ನಡೆಸುವವನ ತೊಟ್ಟಿಯಲ್ಲಿ ಹವಳವು ವರ್ಷಗಟ್ಟಲೆ ಬಾಳಿ, ತುಂಡುಗಳಾಗಿ ಇತರ ಹವ್ಯಾಸಿಗಳ ತೊಟ್ಟಿಗಳಿಗೂ ಹರಡುತ್ತದೆ. ಹೀಗೆ ಮನೆಯಲ್ಲಿ ಬೆಳೆದ ಪ್ರತಿಯೊಂದು ತುಂಡೂ ಸಮುದ್ರದ ದಿಬ್ಬದಿಂದ ಕೀಳಬೇಕಾದ ಒಂದು ಹವಳವನ್ನು ಉಳಿಸಬಲ್ಲುದು. ಈ ಹವ್ಯಾಸಕ್ಕೆ ಇರತಕ್ಕ ಅತ್ಯುತ್ತಮ ಸಮರ್ಥನೆಯೂ ಇದೇ.