ಸಾಲ್ಟ್ ಮತ್ತು ನಿಧಾನ: ಪಾಸ್‌ವರ್ಡ್ ಹ್ಯಾಶಿಂಗ್ ನೋಡ್‌ವರೆಗೆ ಬಂದ ದಾರಿ

ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ 1979ರ ನವೆಂಬರ್‌ನಲ್ಲಿ ಯೂನಿಕ್ಸ್ ಪಾಸ್‌ವರ್ಡ್‌ಗಳ ಕುರಿತು ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ಬಳಕೆದಾರರಿಂದ ಕಲೆಹಾಕಿದ 3,289 ಪಾಸ್‌ವರ್ಡ್‌ಗಳ ಲೆಕ್ಕ ಅದರಲ್ಲಿದೆ. ಒಂದೇ ಅಕ್ಷರದವು 15, ಎರಡಕ್ಷರದವು 72, ಮೂರಕ್ಷರದವು 464. ನಿಘಂಟು ಮತ್ತು ಹೆಸರುಗಳ ಪಟ್ಟಿಯಲ್ಲಿ ಸಿಕ್ಕಿದವು 492. ಇಂಥ ಇತರ ಬಗೆಗಳೂ ಸೇರಿ ಸುಲಭವಾಗಿ ಕೈಗೆ ಸಿಗುವಂಥವು ಒಟ್ಟು 2,831, ಅಂದರೆ ನೂರಕ್ಕೆ 86. ಜನ ಊಹಿಸಬಹುದಾದ ಪಾಸ್‌ವರ್ಡ್‌ಗಳನ್ನೇ ಇಡುತ್ತಾರೆ ಎಂಬುದನ್ನು ಒಪ್ಪಿಕೊಂಡು, ಊಹಿಸುವವನ ಕೆಲಸವನ್ನು ಕಷ್ಟ ಮಾಡುವುದು ಹೇಗೆ ಎಂದು ಆ ಇಬ್ಬರೂ ಯೋಚಿಸಿದರು.

ಅವರು ಕೊಟ್ಟ ಉತ್ತರದಲ್ಲಿ ಸಾಲ್ಟ್ (ಪ್ರತಿ ಪಾಸ್‌ವರ್ಡ್‌ಗೂ ಬೆರೆಸುವ ಯಾದೃಚ್ಛಿಕ ಸಂಖ್ಯೆ) ಇತ್ತು, ನಿಧಾನವೂ ಇತ್ತು. ಇವು ಬೇರೆ ಬೇರೆ ರಕ್ಷಣೆಗಳು. ವೆಬ್ ಸರ್ವರ್‌ಗಳ ಕಾಲದಲ್ಲಿ ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಬಹಳ ಹಾನಿಯಾಯಿತು ಎಂಬುದು ಈ ಲೇಖನದ ವಾದ.

ಅದಕ್ಕೂ ಮುಂಚಿನ ಕಥೆ ಚಿಕ್ಕದು. ಎಂಐಟಿಯ ಸಿಟಿಎಸ್ಎಸ್ ವ್ಯವಸ್ಥೆಯಲ್ಲಿ ಪಾಸ್‌ವರ್ಡ್‌ಗಳು ಇದ್ದ ಹಾಗೆಯೇ ಒಂದು ಫೈಲ್‌ನಲ್ಲಿದ್ದವು. ಒಮ್ಮೆ ಒಬ್ಬ ನಿರ್ವಾಹಕ ಆ ಫೈಲನ್ನೂ ಇನ್ನೊಬ್ಬ ದಿನದ ಸಂದೇಶವನ್ನೂ ಒಂದೇ ಸಮಯಕ್ಕೆ ತಿದ್ದುತ್ತಿದ್ದಾಗ ತಾತ್ಕಾಲಿಕ ಫೈಲ್‌ಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿತು. ಹಿಂದಕ್ಕೆ ತಿರುಗಿಸಲಾಗದ ರೂಪದಲ್ಲಿ, ಅಂದರೆ ಹ್ಯಾಶ್ ಆಗಿ, ಪಾಸ್‌ವರ್ಡನ್ನು ಇಡುವ ಉಪಾಯ ಕೇಂಬ್ರಿಜ್‌ನ ರೋಜರ್ ನೀಡಮ್ ಅವರಿಂದ 1960ರ ದಶಕದಲ್ಲೇ ಬಂದಿತ್ತು.

ಯೂನಿಕ್ಸ್ ಮೊದಲು ಬಳಸಿದ್ದು ಎಂ-209 ಎಂಬ ಗುಪ್ತಲಿಪಿ ಯಂತ್ರದ ಅನುಕರಣೆಯನ್ನು. ಅದರ ದೋಷ ವೇಗ. ಪಿಡಿಪಿ-11/70 ಯಂತ್ರದಲ್ಲಿ ಒಂದು ಊಹೆಗೆ 1.25 ಮಿಲಿಸೆಕೆಂಡ್ ಸಾಕಾಗುತ್ತಿತ್ತು. ಹಾಗಾಗಿ ಡಿಇಎಸ್ ಎಂಬ ಗೂಢಲಿಪೀಕರಣ ವಿಧಾನವನ್ನು 25 ಬಾರಿ ಸತತವಾಗಿ ಓಡಿಸುವ ಕ್ರಮ ಬಂತು. ಜೊತೆಗೆ ಪ್ರತಿ ಪಾಸ್‌ವರ್ಡ್‌ಗೂ 12 ಬಿಟ್‌ನ ಸಾಲ್ಟ್ ಸೇರಿತು, ಅಂದರೆ ಒಂದೇ ಪಾಸ್‌ವರ್ಡ್‌ಗೆ 4,096 ರೂಪಗಳು. ಸಾಲ್ಟ್ ಗುಟ್ಟಿನ ವಸ್ತುವಲ್ಲ. ಅದು ಹ್ಯಾಶ್‌ನ ಪಕ್ಕದಲ್ಲೇ, ಅದೇ ಫೈಲ್‌ನಲ್ಲಿ ಕೂತಿರುತ್ತದೆ. ಮೊದಲೇ ಲೆಕ್ಕ ಮಾಡಿಟ್ಟ ಪಟ್ಟಿ ಕೆಲಸಕ್ಕೆ ಬಾರದಂತೆ ಮಾಡುವುದು, ಒಂದು ಊಹೆಯನ್ನು ಎಲ್ಲ ಬಳಕೆದಾರರ ಮೇಲೂ ಒಟ್ಟಿಗೆ ಪ್ರಯೋಗಿಸದಂತೆ ತಡೆಯುವುದು, ಇಷ್ಟೇ ಅದರ ಕೆಲಸ. ಒಬ್ಬನೇ ಬಳಕೆದಾರನ ಬೆನ್ನು ಹತ್ತಿದವನನ್ನು ಸಾಲ್ಟ್ ತಡೆಯುವುದಿಲ್ಲ. ಅವನನ್ನು ತಡೆಯುವುದು ನಿಧಾನ ಮಾತ್ರ.

25 ಎಂಬ ಸಂಖ್ಯೆ ಕೋಡ್‌ನಲ್ಲೇ ಬೆಸೆದುಹೋಗಿತ್ತು. ಯಂತ್ರಗಳ ವೇಗ ಹೆಚ್ಚುತ್ತ ಹೋಯಿತು, ಸಂಖ್ಯೆ ಅಲ್ಲೇ ನಿಂತಿತು. ಅದನ್ನು ಸಡಿಲಿಸಿದ್ದು 1999ರಲ್ಲಿ ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಜಿಯೇರ್ ಓಪನ್‌ಬಿಎಸ್‌ಡಿಗಾಗಿ ರೂಪಿಸಿದ ಬಿಕ್ರಿಪ್ಟ್. ಅದರ 60 ಅಕ್ಷರಗಳ ದಾಖಲೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು: ಮೊದಲು ಆವೃತ್ತಿಯ ಗುರುತು, ಆಮೇಲೆ ಎರಡಂಕಿಯ ಕಾಸ್ಟ್, ನಂತರ 22 ಅಕ್ಷರಗಳಲ್ಲಿ 128 ಬಿಟ್‌ನ ಸಾಲ್ಟ್, ಕೊನೆಯ 31 ಅಕ್ಷರ ಹ್ಯಾಶ್. ಕಾಸ್ಟ್ ಒಂದು ಹೆಚ್ಚಿದರೆ ಕೆಲಸ ಎರಡು ಪಟ್ಟಾಗುತ್ತದೆ. ಆಗ ಅವರು ಸೂಚಿಸಿದ್ದು ಸಾಮಾನ್ಯ ಬಳಕೆದಾರರಿಗೆ 6, ಸೂಪರ್‌ಯೂಸರ್‌ಗೆ 8. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಬಿಕ್ರಿಪ್ಟ್ ಪ್ಯಾಕೇಜ್‌ನಲ್ಲಿ ಡೀಫಾಲ್ಟ್ 10. ಎಷ್ಟು ನಿಧಾನವಾಗಿರಬೇಕು ಎಂಬುದು ದಾಖಲೆಯೊಳಗೇ ಬರೆದಿರುವುದು ಈ ಇತಿಹಾಸದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಯೋಚನೆ.

ಇಷ್ಟೆಲ್ಲ ಗೊತ್ತಿದ್ದೂ 2012ರಲ್ಲಿ ಲಿಂಕ್ಡ್‌ಇನ್‌ನಿಂದ ಹೊರಬಿದ್ದ ಸುಮಾರು 65 ಲಕ್ಷ ಹ್ಯಾಶ್‌ಗಳು ಸಾಲ್ಟ್ ಇಲ್ಲದ ಶಾ-1 ಆಗಿದ್ದವು. ಅಲ್ಲಿ ನಿಧಾನವೂ ಇರಲಿಲ್ಲ, ಸಾಲ್ಟೂ ಇರಲಿಲ್ಲ. ಆಮೇಲೆ ಅನೇಕರು ಸಾಲ್ಟ್ ಸೇರಿಸಿ ಒಂದೇ ಸುತ್ತು ಶಾ-256 ಓಡಿಸಿ ಸಮಾಧಾನಪಟ್ಟರು. ಗ್ರಾಫಿಕ್ಸ್ ಕಾರ್ಡ್ ಇರುವವನಿಗೆ ಅದೊಂದು ತಡೆಯೇ ಅಲ್ಲ.

ರಯಾನ್ ಡಾಲ್ 2009ರಲ್ಲಿ ಹೊರತಂದ ನೋಡ್‌ನಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖ ಬಂತು. ಅಲ್ಲಿ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಈವೆಂಟ್ ಲೂಪ್‌ನಲ್ಲಿ. ಬೇಕೆಂದೇ ನಿಧಾನ ಮಾಡಿದ ಹ್ಯಾಶನ್ನು ಆ ಲೂಪ್‌ನಲ್ಲೇ ಓಡಿಸಿದರೆ, ಒಬ್ಬನ ಲಾಗಿನ್ ಮುಗಿಯುವ ತನಕ ಉಳಿದವರೆಲ್ಲ ಕಾಯಬೇಕು, ಒಂದೇ ಕೌಂಟರ್ ಇರುವ ಬ್ಯಾಂಕಿನಲ್ಲಿ ಡಿಡಿ ಬರೆಸುವವನ ಹಿಂದೆ ನಿಂತ ಹಾಗೆ. 2011ರಲ್ಲಿ ಕ್ರಿಪ್ಟೊ ಮಾಡ್ಯೂಲ್‌ಗೆ ಬಂದ ಪಿಬಿಕೆಡಿಎಫ್2 ಎಂಬ ನಿಧಾನ ಹ್ಯಾಶ್ ಈ ಕೆಲಸವನ್ನು ನೋಡ್‌ನ ಒಳಗಿನ ಲಿಬ್‌ಯುವಿ ಲೈಬ್ರರಿಯ ಥ್ರೆಡ್ ಪೂಲ್‌ಗೆ ದಾಟಿಸಬಲ್ಲದು. ಆ ಪೂಲ್‌ನಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕೇ ಥ್ರೆಡ್, ಫೈಲ್ ಓದುವ ಕೆಲಸವೂ ಅವುಗಳದ್ದೇ. ಲಾಗಿನ್‌ಗಳ ನೂಕುನುಗ್ಗಲಾದರೆ ಫೈಲ್ ಓದುವುದೂ ಸರದಿಯಲ್ಲಿ ನಿಲ್ಲುತ್ತದೆ. ಇದೇ ಫಂಕ್ಷನ್‌ನಲ್ಲಿ ಡೈಜೆಸ್ಟ್ ಹೆಸರು ಕೊಡದಿದ್ದರೆ ಶಾ-1 ಎಂದೇ ಅರ್ಥವಾಗುತ್ತಿತ್ತು. ಹೆಸರು ಕೊಡುವುದು ಪೂರ್ತಿ ಕಡ್ಡಾಯವಾದದ್ದು 2017ರಲ್ಲಿ, ನೋಡ್ 8ರಿಂದ.

ಕಾಲಿನ್ ಪರ್ಸಿವಲ್ 2009ರಲ್ಲಿ ಮಂಡಿಸಿದ ಎಸ್‌ಕ್ರಿಪ್ಟ್ ಸಮಯದ ಜೊತೆ ಮೆಮೊರಿಯನ್ನೂ ಬೇಡುತ್ತದೆ. ಸಾವಿರಾರು ಊಹೆಗಳನ್ನು ಒಟ್ಟಿಗೆ ಓಡಿಸುವ ಹಾರ್ಡ್‌ವೇರ್‌ಗೆ ಕಟ್ಟಿದ ಕಡಿವಾಣ ಅದು. 2018ರಲ್ಲಿ ನೋಡ್ 10.5ರಲ್ಲಿ ಅದು ಸೇರಿದಾಗ ಡೀಫಾಲ್ಟ್ ಕಾಸ್ಟ್ 16,384. ಅದಕ್ಕೆ ಹಿಡಿಯುವ ಮೆಮೊರಿ 16 ಎಂಬಿ, ಮಿತಿ 32 ಎಂಬಿ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್‌ನ ಸಲಹೆಯಂತೆ ಕಾಸ್ಟನ್ನು 1,31,072ಕ್ಕೆ ಏರಿಸಿದರೆ 128 ಎಂಬಿ ಬೇಕು, ಆಗ ನೋಡ್ ಎರರ್ ಕೊಡುತ್ತದೆ. ಮ್ಯಾಕ್ಸ್‌ಮೆಮ್ ಎಂಬ ಆಯ್ಕೆಯಲ್ಲಿ ಮಿತಿಯನ್ನು ಎತ್ತಬೇಕು. ಎರರ್ ಕಂಡು ಗಾಬರಿಯಾಗಿ ಕಾಸ್ಟನ್ನೇ ಇಳಿಸಿಬಿಡುವುದು ತಪ್ಪು ಹೆಜ್ಜೆ. 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ, ಲಕ್ಸೆಂಬರ್ಗ್ ವಿಶ್ವವಿದ್ಯಾಲಯದವರು ರೂಪಿಸಿದ ಆರ್ಗಾನ್2 ಕೂಡ ಇದೇ ದಾರಿಯದು.

ಹೊಸ ವಿಧಾನ ಬಂತೆಂದು ಹಳೆಯ ದಾಖಲೆಗಳನ್ನು ಒಂದೇ ರಾತ್ರಿಯಲ್ಲಿ ಬದಲಿಸಲು ಆಗುವುದಿಲ್ಲ, ಏಕೆಂದರೆ ಸರ್ವರ್‌ ಬಳಿ ಪಾಸ್‌ವರ್ಡೇ ಇಲ್ಲ. ಬಳಕೆದಾರ ಮತ್ತೆ ಲಾಗಿನ್ ಆದಾಗ, ಹಳೆಯ ಹ್ಯಾಶ್ ಸರಿಹೊಂದಿದ ಮೇಲೆ, ಹೊಸ ಸಾಲ್ಟ್ ಮತ್ತು ಹೊಸ ಕಾಸ್ಟ್‌ನಲ್ಲಿ ಮರುಹ್ಯಾಶ್ ಮಾಡಿ ಬರೆಯಬೇಕು. ವರ್ಷಗಟ್ಟಲೆ ಇತ್ತ ಸುಳಿಯದವರ ಸಾಲುಗಳಿಗೆ ಹಳೆಯ ಹ್ಯಾಶ್‌ನ ಮೇಲೆಯೇ ಹೊಸ ಹ್ಯಾಶ್ ಹೊದಿಸಿಡುವ ಪದ್ಧತಿ ಇದೆ. ಅವರು ಬಂದ ದಿನ ಎರಡೂ ಪದರಗಳನ್ನು ಕ್ರಮವಾಗಿ ಲೆಕ್ಕ ಹಾಕಿ ಹೋಲಿಸಲಾಗುತ್ತದೆ.