ಅಂಚಿನ ಅಕ್ಷರ, ಮನೆಯ ಮಾತು: ಮನೆತನಗಳಲ್ಲಿ ಉಳಿದ ಯುದ್ಧಪದಕಗಳು

ಮೈಸೂರು ಸಂಸ್ಥಾನದ ಸೈನಿಕರು ಮೊದಲನೆಯ ಮಹಾಯುದ್ಧದಲ್ಲಿ ಪಾಲ್ಗೊಂಡ ಸಂಗತಿ ಸುಪರಿಚಿತವಾದುದು. 1914ರಲ್ಲಿ ಈಜಿಪ್ಟಿಗೆ ತೆರಳಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಕಾಳಗದಲ್ಲಿ ಜೋಧಪುರದ ಅಶ್ವದಳದೊಡನೆ ಹೋರಾಡಿತು. ಮೈಸೂರಿನ ಸಾಗಣೆ ಪಡೆಯು ಮೆಸೊಪೊಟೇಮಿಯಾದಲ್ಲಿ ದುಡಿಯಿತು. ಅರಸರ ಹಾಗೂ ದಳಪತಿಗಳ ಹೆಸರುಗಳು ಗ್ರಂಥಗಳಲ್ಲಿವೆ. ದಿಲ್ಲಿಯ ತೀನ್‌ಮೂರ್ತಿಯಂತಹ ಸ್ಮಾರಕಗಳೂ ಇವೆ. ಆದರೆ ಸಾಮಾನ್ಯ ಸವಾರನ ಚರಿತ್ರೆಗೆ ಹಲವು ಮನೆಗಳಲ್ಲಿ ಉಳಿದಿರುವ ಆಧಾರ ಒಂದು ಪದಕ ಮತ್ತು ಅದರ ಬಗ್ಗೆ ಮನೆಯವರು ಹೇಳುವ ಮಾತು. ಇವೆರಡನ್ನೂ ಒಟ್ಟಿಗೆ ಸಂರಕ್ಷಿಸಬೇಕೆಂಬುದು ಪ್ರಸ್ತುತ ಲೇಖನದ ಆಶಯ.

1919ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಯುದ್ಧಪದಕವು 36 ಮಿ.ಮೀ. ವ್ಯಾಸದ ಬೆಳ್ಳಿಯ ಬಿಲ್ಲೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರ, ಇನ್ನೊಂದರಲ್ಲಿ ಕುದುರೆಯೇರಿದ ವೀರ. ಭಾರತೀಯ ಶ್ರಮಿಕ ದಳದವರಿಗೆ ಇದೇ ಪದಕವನ್ನು ಕಂಚಿನಲ್ಲಿ ನೀಡಲಾಯಿತು. ಲೋಹದಲ್ಲಿಯೇ ತಾರತಮ್ಯದ ದಾಖಲೆಯಿದೆ. ಸಂಶೋಧಕನಿಗೆ ಎರಡೂ ಮುಖಗಳಿಗಿಂತ ಮಹತ್ವದ್ದು ಪದಕದ ಅಂಚು. ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಇವೆಲ್ಲವನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚೊತ್ತಿರುವುದು ಅಲ್ಲಿಯೇ.

ಈ ಅಂಚಿನ ಬೆಲೆ ನನಗೆ ತಿಳಿದುದು ತಡವಾಗಿ. ನಮ್ಮ ಮನೆಯಲ್ಲಿ ಮುತ್ತಾತನ ಪದಕಕ್ಕೆ ‘ಲಡಾಯಿ ಬಿಲ್ಲೆ’ ಎಂದು ಹೆಸರು. ಪ್ರತಿ ವರ್ಷ ಆಯುಧಪೂಜೆಯಂದು ಅಜ್ಜಿ ಅದನ್ನು ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ತೊಳೆದು, ಕುಂಕುಮವಿಟ್ಟು, ಕುಡುಗೋಲು ಮಚ್ಚುಗಳ ಪಕ್ಕದಲ್ಲಿ ಇರಿಸುತ್ತಿದ್ದರು. ಮುತ್ತಾತ ಕುದುರೆಯೇರಿ ತುರ್ಕರ ಮೇಲೆ ಬಿದ್ದರೆಂಬುದು ಅವರ ಮಾತು. ಎತ್ತಿನ ಗಾಡಿ ಹೊಡೆಯಲು ಹೋಗಿದ್ದರೆಂಬುದು ದೊಡ್ಡಪ್ಪನ ಮನೆಯವರ ಮಾತು. ಜಾನಪದ ಅಧ್ಯಯನಕ್ಕೆ ತೊಡಗಿದ ಮೇಲೆ ನಾನು ಬಿಲ್ಲೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದೆ. ಸಂಖ್ಯೆಯ ಎರಡು ಅಂಕೆಗಳು ಉಳಿದಿದ್ದವು. ಹೆಸರೂ ದಳವೂ ಸವೆದುಹೋಗಿದ್ದವು. ಇದು ಅಜ್ಜಿಯ ತಪ್ಪೆಂದು ನಾನು ಹೇಳಲಾರೆ. ಆ ಪೂಜೆ ಇಲ್ಲದಿದ್ದರೆ ಬಿಲ್ಲೆ ಎಂದೋ ಅಕ್ಕಸಾಲಿಗನ ಮೂಸೆ ಸೇರುತ್ತಿತ್ತು. ಈಗ ಎರಡೂ ಹೇಳಿಕೆಗಳನ್ನು, ಹೇಳಿದವರ ಹೆಸರು, ದಿನಾಂಕಗಳೊಡನೆ ಬರೆದಿಟ್ಟಿದ್ದೇನೆ. ಒಂದನ್ನು ನಿಜವೆಂದು ಆರಿಸುವ ಅಧಿಕಾರ ನನಗಿಲ್ಲ.

ಕರಗಿಸುವ ಅಪಾಯ ಕಲ್ಪಿತವಲ್ಲ. 1980ರ ಆರಂಭದಲ್ಲಿ ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಏರಿದಾಗ ಈ ಪದಕಗಳು ಅಪಾರ ಸಂಖ್ಯೆಯಲ್ಲಿ ಕರಗಿಹೋದವು. ಅದೇ ಯುದ್ಧದ ಕಂಚಿನ ವಿಜಯಪದಕಕ್ಕೆ ಲೋಹದ ಬೆಲೆ ಇರಲಿಲ್ಲ. ಆದ್ದರಿಂದ ಕೆಲವೆಡೆ ಜೋಡಿಯಲ್ಲಿ ಅದೊಂದೇ ಉಳಿದಿದೆ.

ಸಂರಕ್ಷಣೆಯ ಕ್ರಮ ಸರಳವಾದುದು. ಬೆಳ್ಳಿಯ ಮೇಲಿನ ಕಪ್ಪು ಗಾಳಿಯಲ್ಲಿನ ಗಂಧಕದಿಂದ ಉಂಟಾಗುವಂಥದು. ಪದೇ ಪದೇ ಉಜ್ಜಿದರೆ ಕಪ್ಪಿನೊಡನೆ ಅಕ್ಷರವೂ ಹೋಗುತ್ತದೆ. ಪದಕವನ್ನು ಬರಿಗೈಯಲ್ಲಿ ಮುಟ್ಟದೆ ಅಂಚನ್ನು ಹಿಡಿದು ಎತ್ತಬೇಕು. ವೃತ್ತಪತ್ರಿಕೆ, ಉಣ್ಣೆಬಟ್ಟೆ, ರಬ್ಬರ್ ಬ್ಯಾಂಡ್, ಪಿ.ವಿ.ಸಿ. ಚೀಲ ಇವು ವರ್ಜ್ಯ. ಆಮ್ಲರಹಿತ ಕಾಗದ ಯೋಗ್ಯ. ರಿಬ್ಬನ್ನು ಬಿಸಿಲಿಗೆ ಬಣ್ಣಗೆಡುವುದರಿಂದ ಪದಕವನ್ನು ಕತ್ತಲೆಯಲ್ಲಿ, ತೇವವಿಲ್ಲದೆಡೆ ಇಡಬೇಕು. ಪೂಜೆಯನ್ನು ನಿಲ್ಲಿಸಬೇಕಾಗಿಲ್ಲ, ತಟ್ಟೆಯಲ್ಲಿಟ್ಟ ಪದಕದ ಮುಂದೆ ಕುಂಕುಮ ಇಟ್ಟರೂ ಪೂಜೆಯೇ. ಅಂಚನ್ನು ಸುತ್ತಲೂ ತಿರುಗಿಸಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ಛಾಯಾಚಿತ್ರ ತೆಗೆದಿಡುವುದು ಅತ್ಯಗತ್ಯ.

1972ರ ಪ್ರಾಚ್ಯವಸ್ತು ಕಾಯಿದೆಯು ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ಆಸಕ್ತಿಯ ವಸ್ತುಗಳನ್ನು ಪ್ರಾಚ್ಯವಸ್ತುಗಳೆಂದು ಪರಿಗಣಿಸುತ್ತದೆ. ಖಾಸಗಿಯವರು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. 1920ರ ದಶಕದ ಆರಂಭದಲ್ಲಿ ಮನೆ ಸೇರಿದ ಪದಕಗಳು ಆ ವಯಸ್ಸನ್ನು ದಾಟಿವೆ. ಸಂಗ್ರಹಾಲಯಗಳು ಪದಕವನ್ನು ಸ್ವೀಕರಿಸುವಾಗ ಮನೆಯವರ ಮಾತನ್ನೂ ಧ್ವನಿಮುದ್ರಿಸಿ ಜೊತೆಗಿಡುವುದು ಅಗತ್ಯ. ಅಂಚು ಹೆಸರನ್ನು ಕೊಡಬಲ್ಲದು. ಸಮುದ್ರ ದಾಟಿ ಬಂದ ಮುತ್ತಾತ ಮತ್ತೆಂದೂ ಕುದುರೆ ಮುಟ್ಟಲಿಲ್ಲವೆಂಬ ಸಂಗತಿಯನ್ನು ನನಗೆ ಹೇಳಿದ್ದು ಅಜ್ಜಿ ಮಾತ್ರ.