ಮಾರಿದ ಮೇಲೂ ನಮ್ಮದೇ ಗಾಡಿ

ಮೊನ್ನೆ ಐನಾಪುರದಿಂದ ಕಾಕಾ ಫೋನ್ ಮಾಡಿದ್ದರು. ಹಳೇ ಕಾರು ಮಾರಿ, ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು, ಕೀಲಿ ಕೊಟ್ಟು ಕಳಿಸಿದ್ದಾರಂತೆ. "ರೊಕ್ಕ ಬಂತು, ಗಾಡಿ ಹೋಯ್ತು, ಮತ್ತೇನದ?" ಅಂದ್ರು.

ಆ ಪ್ರಶ್ನೆ ಹಿಡಿದು ಹಳೇ ಕಾಯ್ದೆಗಳನ್ನ ಕೆದಕಿದೆ. 1939ರ ಮೋಟಾರು ವಾಹನ ಕಾಯ್ದೆಯಲ್ಲೂ ಮಾರಾಟ ತಿಳಿಸಬೇಕೆಂಬ ನಿಯಮ ಇತ್ತು. ಆದರೆ 'ಮಾಲೀಕ' ಅನ್ನೋ ಪದದ ವ್ಯಾಖ್ಯೆಯಲ್ಲಿ ನೋಂದಣಿಯ ಮಾತೇ ಇರಲಿಲ್ಲ. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯ್ದೆ ಅದನ್ನ ಬದಲಿಸಿತು: ಯಾರ ಹೆಸರಲ್ಲಿ ನೋಂದಣಿಯೋ ಅವರೇ ಮಾಲೀಕರು. (ಸಾಲದ ಗಾಡಿಗೆ ಬೇರೆ ಲೆಕ್ಕ, ಅದಿರಲಿ.)

ಇದರ ಬಿಸಿ ಗೊತ್ತಾಗೋದು 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ. ಹರಿಯಾಣದಲ್ಲಿ 2007ರಲ್ಲಿ ಮಾರಿದ್ದ ಕಾರು, ಕೈಯಿಂದ ಕೈಗೆ ದಾಟಿ, 2009ರಲ್ಲಿ ಅಪಘಾತ ಮಾಡಿತು. ಒಂದು ಜೀವ ಹೋಯಿತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರದ್ದೇ ಹೆಸರು! ಪರಿಹಾರ ಅವರ ತಲೆಗೇ ಬಂತು. ನೊಂದವರು ಗಾಡಿ ಯಾರ್ಯಾರ ಕೈ ಬದಲಿಸಿತು ಅಂತ ಹುಡುಕುತ್ತಾ ಅಲೆಯಬಾರದು ಅಂತ ಕೋರ್ಟು. ಮಾರಿದವರಿಗೆ ಕಹಿ, ಆದರೂ ನನಗೆ ಸರಿ ಅನ್ನಿಸ್ತು.

ಕಾಕಾಗೆ ಹೇಳಿದೆ: ಮಾರಿದ್ದನ್ನ ಫಾರ್ಮ್ 29ರಲ್ಲಿ 14 ದಿನದೊಳಗೆ ತಿಳಿಸಬೇಕು, ಫಾರ್ಮ್ 30ಕ್ಕೆ ಕೊಂಡವರ ಸಹಿಯೂ ಬೇಕು, ಸಾಲ ತೀರಿದ್ದಕ್ಕೆ ಬ್ಯಾಂಕಿನ ಫಾರ್ಮ್ 35...

"ತಗೊಂಡೋರು ತಾಂಡೂರಿನವ್ರು" ಅಂದ್ರು!

ಚಿಂಚೋಳಿ, ತಾಂಡೂರು ಎರಡೂ 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಈಗ ತಾಂಡೂರು ತೆಲಂಗಾಣ. ಅಂದಮೇಲೆ ಫಾರ್ಮ್ 28ರ ಎನ್‌ಓಸಿ ಬೇರೆ ಆಗಬೇಕು, ಗಡುವು 45 ದಿನ.

ಕಾಕಾ ಈಗ ಆ ಮನುಷ್ಯನ ಫೋನ್ ನಂಬರ್ ಹುಡುಕ್ತಾ ಇದ್ದಾರೆ.